ಮೊಣಕೈ ನಲ್ಲಿ

ಆ ಬೇಸಿನ್ನನ್ನು ದಿನಕ್ಕೆ ಮೂರು ಸಲ ಉಜ್ಜಿ ತೊಳೆಯುವವಳು ನೆಲದಕ್ಕ. ಅದರಲ್ಲಿ ಕೈ ತೊಳೆಯಬಾರದವಳೂ ನೆಲದಕ್ಕನೇ.

ಸುಟ್ಟಗಾಯದ ವಾರ್ಡಿನ ಬಾಗಿಲು ತೆಗೆದರೆ ಎಡಗಡೆಗೇ ಆ ಬೇಸಿನ್. ಬಿಳಿ ಪಿಂಗಾಣಿಯದು, ಮಗುವನ್ನು ಕೂರಿಸಿ ಮೀಯಿಸಬಹುದಾದಷ್ಟು ಅಗಲ. ಅದರ ನಲ್ಲಿಗೆ ತಿರುಪಿಲ್ಲ. ಉದ್ದನೆಯ ಹಿಡಿ ಇದೆ, ಅದನ್ನು ಮೊಣಕೈಯಿಂದ ತಳ್ಳಬೇಕು. ತೊಳೆದ ಕೈ ಮತ್ತೆ ಏನನ್ನೂ ಮುಟ್ಟದಿರಲಿ ಎಂದು ಹಾಗೆ ಮಾಡಿಟ್ಟಿದ್ದಾರೆ. ಪಕ್ಕದ ಸೋಪಿನ ಬಾಟಲಿಗೂ ಮೊಣಕೈಯೇ. ಅಂದರೆ ಯಾರ ಕೈಯೂ ತಗಲದ ನಲ್ಲಿ ಅದು. ಅಂಥ ನಲ್ಲಿಗೆ ಇವಳ ಕೈಯಿಂದ ಮೈಲಿಗೆ ಹೇಗೆ ಆಗುತ್ತದೋ ಹೇಳಿಕೊಡುವ ಮೇಷ್ಟ್ರು ಇನ್ನೂ ಹುಟ್ಟಿಲ್ಲ. ಆದರೂ ಆಗುತ್ತದೆ ಅಂತ ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ನೆಲ ಒರೆಸುವವಳಾದ್ದರಿಂದ ರೋಗಿಗಳು ಅವಳನ್ನು ನೆಲದಕ್ಕ ಎನ್ನುತ್ತಿದ್ದರು. ಹೆಡ್ ಸಿಸ್ಟರಿಗೆ ಆ 'ಅಕ್ಕ' ನಾಲಗೆಗೆ ಭಾರ. 'ಏ ನೆಲ' ಎಂದು ಅರ್ಧಕ್ಕೇ ಮುಗಿಸಿಬಿಡುತ್ತಿದ್ದರು. ಹನ್ನೊಂದು ವರ್ಷ ಅವಳು ಆ ಅರ್ಧ ಹೆಸರಿಗೇ ಓಡಿ ಬಂದಿದ್ದಳು.

ಬೆಳಿಗ್ಗೆ ಕೆಲಸ ಶುರುವಾಗುವುದು ಕಕ್ಕಸಿನಿಂದ. ಆರು ಕಕ್ಕಸು. ಆಮೇಲೆ ಬೆಡ್‌ಪ್ಯಾನು. ಆಮೇಲೆ ಗಾಯದ ನೀರಿಗೆ ಅಂಟಿಕೊಂಡ ಚಾದರ ಬಿಡಿಸುವುದು. ಆಮೇಲೆ ನೆಲ. ಕಾಗದದ ಮೇಲೆ ಇಷ್ಟೇ ಇದ್ದದ್ದು. ಆದರೆ ಹದಿನಾಲ್ಕು ಹಾಸಿಗೆಗೆ ಇಬ್ಬರು ಸಿಸ್ಟರು. ಪಟ್ಟಿ ಬಿಚ್ಚುವಾಗ ರೋಗಿ ಒದ್ದಾಡುತ್ತಾನೆ, ಯಾರಾದರೂ ಹಿಡಿದುಕೊಳ್ಳಬೇಕು. ಆಗ ಕರೆ ಬರುತ್ತಿತ್ತು: ಏ ನೆಲ, ಬಾ ಹಿಡ್ಕೋ. ಹಿಡಿದುಕೊಳ್ಳುತ್ತಿದ್ದಳು. ಚರ್ಮವಿಲ್ಲದ ಬೆನ್ನು, ಚರ್ಮವಿಲ್ಲದ ತೋಳು, ಬೆರಳು ಊರಿದಲ್ಲಿ ನೀರು ಒಸರುವ ತೊಡೆ. ಯಾವ ಕೈಯಲ್ಲಿ? ಕಕ್ಕಸಿನಿಂದ ಬಂದ ಕೈಯಲ್ಲಿ.

ಅವಳಂಥವರಿಗೆ ಕೈ ತೊಳೆಯಲು ಹಿತ್ತಲಲ್ಲಿ ಒಂದು ನಲ್ಲಿ ಇತ್ತು. ಬೆಡ್‌ಪ್ಯಾನು ತೊಳೆಯುವುದೂ ಅದರಡಿಯಲ್ಲೇ. ಸುತ್ತ ಪಾಚಿ. ನೀರು ಬಂದರೆ ಬಂತು, ಇಲ್ಲದಿದ್ದರೆ ಪಕ್ಕದ ಡ್ರಮ್ಮಿನೊಳಗೆ ಎಲ್ಲರೂ ಕೈ ಅದ್ದಬೇಕು. ಸೋಪು ಯಾವತ್ತೂ ಇರಲಿಲ್ಲ. ರಬ್ಬರ್ ಕೈಗವಸು ಒಂದೇ ಜೊತೆ ಕೊಟ್ಟಿದ್ದರು. ಕಕ್ಕಸಿಗೂ ಅದೇ, ಹಾಸಿಗೆಗೂ ಅದೇ. ಅದನ್ನು ತಿರುಗಿಸಿ ಹಗ್ಗದ ಮೇಲೆ ಒಣಹಾಕುತ್ತಿದ್ದಳು, ಬೆರಳು ತುದಿ ಹರಿದ ಮೇಲೂ.

ಮಂಗಳವಾರ ದೊಡ್ಡ ಡಾಕ್ಟರ ಪಾಠ. ಹತ್ತು ಹನ್ನೆರಡು ಮಂದಿ ಕಲಿಯುವವರು ಬಿಳಿ ಕೋಟು ಹಾಕಿಕೊಂಡು ಅವರ ಸುತ್ತ ನಿಲ್ಲುತ್ತಿದ್ದರು. ನೆಲದಕ್ಕ ಅವರ ಬೂಟುಗಳ ಸುತ್ತ ನೆಲ ಒರೆಸುತ್ತಿದ್ದಳು. ಡಾಕ್ಟರದು ಒಳ್ಳೆಯ ಗಂಟಲು, ಮಾತಾಡಿದರೆ ಕೊನೆಯ ಹಾಸಿಗೆಗೂ ಕೇಳುತ್ತಿತ್ತು. ಚರ್ಮ ಅಂದರೆ ಮನೆಯ ಬಾಗಿಲು, ಸುಟ್ಟವನ ಮನೆಗೆ ಬಾಗಿಲೇ ಇಲ್ಲ, ಯಾವ ಕಳ್ಳ ಬೇಕಾದರೂ ನುಗ್ಗುತ್ತಾನೆ ಎನ್ನುತ್ತಿದ್ದರು. ಆ ಕಳ್ಳ ನಡೆದು ಬರುವುದಿಲ್ಲ, ನಮ್ಮ ಕೈ ಮೇಲೆ ಕೂತು ಬರುತ್ತಾನೆ. ಬೆಂಕಿಯಿಂದ ಉಳಿದವರನ್ನು ನಮ್ಮ ಕೈ ಕೊಲ್ಲುತ್ತದೆ. ಮುಟ್ಟುವ ಮುಂಚೆ ತೊಳೆಯಿರಿ, ಮುಟ್ಟಿದ ಮೇಲೆ ತೊಳೆಯಿರಿ, ಮೊಣಕೈ ತನಕ ತೊಳೆಯಿರಿ. ಕಲಿಯುವವರು ಬರೆದುಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಆ ಬೂಟುಗಳು ಬದಲಾಗುತ್ತಿದ್ದವು, ಪಾಠ ಬದಲಾಗುತ್ತಿರಲಿಲ್ಲ. ಕೇಳಿ ಕೇಳಿ ನೆಲದಕ್ಕನಿಗೆ ಬಾಯಿಪಾಠ. ಪರೀಕ್ಷೆ ಅಂತ ಇಟ್ಟಿದ್ದರೆ ಕೋಟಿನವರೆಲ್ಲ ಅವಳ ಹಿಂದೆ ಇರುತ್ತಿದ್ದರು.

ಮೊದಲ ವರ್ಷ ಅವಳು ಪೆದ್ದಿ. ಪಾಠ ಎಲ್ಲರಿಗೂ ಅಂದುಕೊಂಡಳು. ಒಂದು ಹೆಂಗಸಿನ ಬೆನ್ನು ಹಿಡಿಯುವ ಮುಂಚೆ ಆ ಬೇಸಿನ್ನಿಗೆ ಹೋಗಿ ಮೊಣಕೈಯಿಂದ ನಲ್ಲಿ ತಳ್ಳಿ ಕೈ ತೊಳೆದಳು. ಹೆಡ್ ಸಿಸ್ಟರ್ ಕೂಗಾಡಲಿಲ್ಲ. ಒಂದು ಬಾಟಲಿ ಫಿನೈಲ್ ತಂದು ಬೇಸಿನ್ನಿಗೆ ಸುರಿದರು, ತೆಂಗಿನ ನಾರು ಕೊಟ್ಟರು, ಉಜ್ಜು ಅಂದರು. ಒಂದು ಗಂಟೆ ಉಜ್ಜಿಸಿದರು. ಕೈಯ ಸಿಪ್ಪೆ ಎದ್ದು ಬಂತು. ಹಾಸಿಗೆ ಹಾಸಿಗೆಯಿಂದಲೂ ಜನ ನೋಡುತ್ತಿದ್ದರು. ಆಮೇಲೆ ಹೆಡ್ ಸಿಸ್ಟರ್ ಅದೇ ಬೇಸಿನ್ನಿನಲ್ಲಿ ತಮ್ಮ ಕೈ ತೊಳೆದುಕೊಂಡು, ಈಗ ಸರಿಹೋಯ್ತು ಅಂದರು. ಅವತ್ತಿನಿಂದ ನೆಲದಕ್ಕ ಆ ಕಡೆ ಉಜ್ಜಲು ಮಾತ್ರ ಹೋಗುತ್ತಿದ್ದಳು. ನಾಚಿಕೆಯಾಗಿತ್ತು. ತಪ್ಪು ತನ್ನದಲ್ಲ ಎಂದು ಗೊತ್ತಿದ್ದೂ ನಾಚಿಕೆಯಾಗಿತ್ತು, ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸುವ ಸಂಗತಿ.

ನಾಲ್ಕನೇ ಹಾಸಿಗೆಗೆ ಬೇಕರಿಯವನು ಬಂದ. ಒಲೆಯ ಬಾಗಿಲು ತೆಗೆದಾಗ ಉರಿ ಎದೆಗೆ ನುಗ್ಗಿತ್ತು. ಮೂವತ್ತು ವರ್ಷ ಬ್ರೆಡ್ ಬೇಯಿಸಿದೆ, ಕೊನೆಗೆ ಅದೇ ಒಲೆ ನನ್ನನ್ನು ಬೇಯಿಸಿ ಸೇಡು ತೀರಿಸಿಕೊಂಡಿತು ಎಂದು ನಗುತ್ತಿದ್ದ. ಮೂರು ವಾರದಲ್ಲಿ ಗಾಯ ಅಂಚಿನಿಂದ ಮುಚ್ಚಿಕೊಳ್ಳತೊಡಗಿತ್ತು. ಮನೆಗೆ ಕಳಿಸುವ ಮಾತೂ ಬಂದಿತ್ತು. ಒಂದು ಬೆಳಿಗ್ಗೆ ಅವನ ಚಾದರ ಬದಲಿಸುವಾಗ ನೆಲದಕ್ಕನ ಮೂಗಿಗೆ ವಾಸನೆ ಬಡಿಯಿತು. ಹುಳಿಯೇರಿದ ದ್ರಾಕ್ಷಿಯ ವಾಸನೆ. ಹಸಿರು ಕೀವು ಬರುವ ಮುಂಚೆ ಬರುವ ವಾಸನೆ ಅದು. ಲ್ಯಾಬಿನವರು ಮೂರು ದಿನ ಕಾದು ಹೇಳುವುದನ್ನು ವಾರ್ಡಿನ ಕಸಗುಡಿಸುವವರು ಬಾಗಿಲಲ್ಲೇ ಹೇಳುತ್ತಾರೆ. ಅವಳು ಚಿಕ್ಕ ಸಿಸ್ಟರಿಗೆ ಹೇಳಿದಳು. ಚಿಕ್ಕ ಸಿಸ್ಟರು ಹೆಡ್ ಸಿಸ್ಟರಿಗೆ ಹೇಳಿದಳು. ನೆಲ ಈಗ ಡಾಕ್ಟರೂ ಆದಳಾ ಎಂದು ಅವರು ಮೂಗು ಮುರಿದರು.

ಎರಡು ದಿನಕ್ಕೆ ಪಟ್ಟಿ ಹಸಿರಾಯಿತು. ಆರನೇ ದಿನ ಬೇಕರಿಯವನು ಹೋದ.

ಅವನ ಎದೆಯ ಪಟ್ಟಿ ಬಿಚ್ಚುವಾಗೆಲ್ಲ ಅವನ ತೋಳು ಹಿಡಿದವಳು ನೆಲದಕ್ಕ. ಬೆಡ್‌ಪ್ಯಾನು ಬಿಟ್ಟು ನೇರ ಬಂದು ಹಿಡಿದವಳು. ಹಿಡಿತ ಜಾರಿ ಒಂದೆರಡು ಸಲ ಬೆರಳು ಗಾಯದ ಮೇಲೇ ಹೋಗಿತ್ತು. ಕಳ್ಳ ಕೈ ಮೇಲೆ ಕೂತು ಬರುತ್ತಾನೆ. ಊಟಕ್ಕೆ ಕೂತರೆ ಅವಳಿಗೆ ತನ್ನ ಕೈ ನೋಡಿಯೇ ತುತ್ತು ಇಳಿಯುತ್ತಿರಲಿಲ್ಲ.

ಆಫೀಸಿನವರು ವಿಚಾರಣೆ ಮಾಡಿದರು. ವಿಚಾರಣೆ ಅಂದರೆ ಹೆಡ್ ಸಿಸ್ಟರನ್ನು ಕೂರಿಸಿಕೊಂಡು ಚಹಾ ಕುಡಿದರು. ಶುಚಿ ಸಿಬ್ಬಂದಿಯ ನಿರ್ಲಕ್ಷ್ಯದಿಂದ ಸೋಂಕು ಹರಡಿದೆ ಎಂದು ಬರೆದರು. ಪರಿಹಾರವನ್ನೂ ಅವರೇ ಹುಡುಕಿದರು. ಶುಚಿ ಸಿಬ್ಬಂದಿಯ ಮೇಸ್ತ್ರಿ ಒಂದು ಚೀಟಿ ತಂದು ನೆಲದಕ್ಕನ ಕೈಗೆ ಕೊಟ್ಟ. ನೀನು ಎತ್ತರ ಇದ್ದೀಯ, ಬೇಸಿನ್ ಮೇಲೆ ಅಂಟಿಸು ಅಂದ. ಅವಳು ಅಕ್ಷರ ಕೂಡಿಸಿಕೊಂಡು ನಿಧಾನ ಓದುವವಳು. ಅಂಟಿಸಿದ ಮೇಲೆ ಓದಿದಳು. 'ಶುಚಿ ಸಿಬ್ಬಂದಿ ಈ ಬೇಸಿನ್ ಬಳಸತಕ್ಕದ್ದಲ್ಲ.' ಇಷ್ಟು ದಿನ ಗಾಳಿಯಲ್ಲಿದ್ದ ಮಾತು ಗೋಡೆಗೆ ಬಂದಿತ್ತು, ಅವಳದೇ ಕೈಯಿಂದ.

ಬೇಕರಿಯವನ ಹೆಂಡತಿ ಅವನ ಚಪ್ಪಲಿ, ಕನ್ನಡಕ ತೆಗೆದುಕೊಂಡು ಹೋಗಲು ಬಂದಳು. ನಾಲ್ಕನೇ ಹಾಸಿಗೆಯ ಕೆಳಗೆ ಒರೆಸುತ್ತಿದ್ದ ನೆಲದಕ್ಕನ ಹತ್ತಿರ ನಿಂತಳು. ಅವಳ ಮುಖ ನೋಡಲಿಲ್ಲ, ಕೈ ನೋಡಿದಳು.

"ನಿನ್ನ ಕೈಯಂತೆ," ಅಂದಳು. ಅಷ್ಟೇ ಅಂದು ಹೋದಳು.

ನೆಲದಕ್ಕ ಬಟ್ಟೆ ಹಿಂಡಿ ಅದೇ ಜಾಗವನ್ನು ಇನ್ನೊಮ್ಮೆ ಒರೆಸಿದಳು. ಅನ್ನಲು ಬೇಕಾದಷ್ಟಿತ್ತು.

ಅದೇ ವಾರ ಆರನೇ ಹಾಸಿಗೆಗೆ ಅವಳ ತಂಗಿಯನ್ನು ತಂದು ಹಾಕಿದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವಳ ಕೆಲಸ. ಕುದಿಯುವ ಬಣ್ಣದ ಹಂಡೆ ವಾಲಿ ಎರಡೂ ಕಾಲ ಮೇಲೆ ಚೆಲ್ಲಿತ್ತು. ಮೊಣಕಾಲುದ್ದದ ಬೂಟು ಕೊಡಬೇಕಾದ ಕಾರ್ಖಾನೆ ಚಪ್ಪಲಿಯಲ್ಲೇ ನಿಲ್ಲಿಸಿತ್ತು. ಪಾದದಿಂದ ತೊಡೆಯ ಅರ್ಧದವರೆಗೆ ಚರ್ಮ ಕಾಲುಚೀಲದ ಹಾಗೆ ಕಳಚಿ ಬಂದಿತ್ತು. ನೀಲಿ ಬಣ್ಣ ಮಾಂಸದೊಳಗೆ ಇಳಿದಿತ್ತು.

ಕುಳ್ಳಿ ಅಂತ ಮನೆಯಲ್ಲಿ ಕರೆಯುತ್ತಿದ್ದರು ಅವಳನ್ನು. ಅಮ್ಮ ಸತ್ತಾಗ ಕುಳ್ಳಿಗೆ ನಾಲ್ಕು ವರ್ಷ, ನೆಲದಕ್ಕನಿಗೆ ಹದಿಮೂರು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಂಗಿ. ಮೈ ಕುಳ್ಳಾದರೂ ಬಾಯಿ ಮೂರು ಆಳಿನಷ್ಟು. ಮೊದಲ ದಿನದ ನೋವು ಸ್ವಲ್ಪ ಇಳಿದ ಕೂಡಲೇ ಶುರುಮಾಡಿದಳು.

"ಹನ್ನೊಂದು ವರ್ಷದಿಂದ ನಿನ್ನ ಆಸ್ಪತ್ರೆ ತೋರಿಸು ತೋರಿಸು ಅಂತ ಗೋಗರೆದೆ. ನೀನು ಕಿವಿ ಮೇಲೇ ಹಾಕ್ಕೊಳ್ಳಲಿಲ್ಲ. ಈಗ ನೋಡು, ನಿನ್ನ ಹಂಗಿಲ್ಲದೆ ಬಂದೆ."

ನೆಲದಕ್ಕ ನಗಲು ಹೋಗಿ ಅತ್ತಳು. ಕುಳ್ಳಿ ಅವಳನ್ನೇ ಗದರಿಸಿದಳು, ಕಾಲು ನಂದು ಸುಟ್ಟಿರೋದು, ಕಣ್ಣೀರಿನ ಅಂಗಡಿ ನಿಂದ್ಯಾಕೆ ಎಂದು.

ಮಲಗಿಕೊಂಡವಳಿಗೆ ನೋಡುವುದೇ ಕೆಲಸ. ಆರನೇ ಹಾಸಿಗೆಯಿಂದ ಬೇಸಿನ್ ನೇರಕ್ಕೆ ಕಾಣುತ್ತಿತ್ತು. ಯಾರು ತೊಳೆದರು, ಯಾರು ತೊಳೆಯಲಿಲ್ಲ, ಯಾರು ಬೆರಳ ತುದಿ ನೆನೆಸಿ ಕೋಟಿಗೆ ಒರೆಸಿಕೊಂಡರು, ಎಲ್ಲ ಕುಳ್ಳಿಗೆ ಗೊತ್ತಿತ್ತು. ಅಕ್ಕ ಹಿತ್ತಲಿಗೆ ಹೋಗಿ ಬರುವುದೂ ಗೊತ್ತಾಯಿತು. ಕೇಳಿದಳು. ನೆಲದಕ್ಕ ಚೀಟಿಯ ವಿಷಯ, ಫಿನೈಲಿನ ವಿಷಯ, ಬೇಕರಿಯವನ ವಿಷಯ ಎಲ್ಲ ಹೇಳಿದಳು, ಚಾದರ ಬದಲಿಸುತ್ತಾ, ಯಾರಿಗೂ ಕೇಳದ ಹಾಗೆ. ಕುಳ್ಳಿ ಗೋಡೆಯ ಮೇಲಿನ ಚೀಟಿಯನ್ನು ನೋಡಿದಳು. ಆಮೇಲೆ, ಹನ್ನೊಂದು ವರ್ಷ ಇದನ್ನ ನನಗೂ ಹೇಳಲಿಲ್ಲವಲ್ಲ ಅಕ್ಕ ಅಂದಳು.

ನೆಲದಕ್ಕ ಮನೆಯಿಂದ ಒಂದು ತುಂಡು ಸೋಪು ತಂದಳು. ಸೆರಗಿನ ತುದಿಗೆ ಕಟ್ಟಿಕೊಂಡು ಹಿತ್ತಲ ನಲ್ಲಿಯಲ್ಲಿ ಮೊಣಕೈ ತನಕ ಉಜ್ಜಿಕೊಂಡು ಬಂದು ತಂಗಿಯ ಕಾಲು ಹಿಡಿಯುತ್ತಿದ್ದಳು. ಮೂರನೇ ದಿನ ಗೇಟಿನಲ್ಲಿ ಮೇಸ್ತ್ರಿ ಹಿಡಿದ. ಆಸ್ಪತ್ರೆಯ ಸೋಪು ಕದ್ದಿದ್ದೀಯ ಅಂದ. ಬಳಸಿ ಸವೆದ ಕೆಂಪು ಸೋಪು, ಆಸ್ಪತ್ರೆಯಲ್ಲಿ ಕೆಂಪು ಸೋಪೇ ಇಲ್ಲ. ಅದು ಅವನಿಗೂ ಗೊತ್ತಿತ್ತು. ಹೋಗಿ ಬರುವವರ ಮುಂದೆ ಸೆರಗು ಬಿಚ್ಚಿಸಿ, ಸೋಪನ್ನು ಕಾಲಿನಿಂದ ಚರಂಡಿಗೆ ತಳ್ಳಿದ. ಬೆಡ್‌ಪ್ಯಾನು ಹೊರುವ ತಾತ ಅಲ್ಲೇ ಇದ್ದ. ಮೂವತ್ತು ವರ್ಷದಿಂದ ಆ ವಾರ್ಡಿನ ಹೇಲು ಹೊತ್ತು ಅವನ ಬೆನ್ನು ಬಾಗಿತ್ತು. ಮೇಸ್ತ್ರಿ ಹೋದ ಮೇಲೆ ಹತ್ತಿರ ಬಂದು, ಬಿಡು ಮಗಳೇ, ದೊಡ್ಡವರ ಹತ್ತಿರ ಜಿದ್ದು ನಮಗೆ ಯಾಕೆ ಅಂದ. ಅವಳು ಅವನನ್ನು ಬೈಯಲಿಲ್ಲ. ನಿನ್ನೆಯ ತನಕ ಅವಳೂ ಅದನ್ನೇ ಹೇಳುತ್ತಿದ್ದವಳು.

ಕುಳ್ಳಿಯ ಬೆನ್ನಿನಿಂದ ಚರ್ಮ ತೆಗೆದು ಕಾಲಿಗೆ ಹಾಕಿದರು. ಐದನೇ ದಿನ ಪಟ್ಟಿ ಬಿಚ್ಚುತ್ತೇವೆ, ಚರ್ಮ ಹಿಡಿದರೆ ನಡೆಯುತ್ತಾಳೆ ಅಂದರು ದೊಡ್ಡ ಡಾಕ್ಟರು. ಕೀವು ಹೊಕ್ಕರೆ ಹಾಕಿದ್ದೆಲ್ಲ ಕೊಚ್ಚಿಹೋಗುತ್ತದೆ, ಆಮೇಲೆ ಕಾಲು ಉಳಿಸುವ ಮಾತಿಲ್ಲ, ಜೀವ ಉಳಿದರೆ ಪುಣ್ಯ. ಇದನ್ನು ಅವರು ನೆಲದಕ್ಕನಿಗೆ ಹೇಳಲಿಲ್ಲ. ಚಿಕ್ಕ ಸಿಸ್ಟರಿಗೆ ಹೇಳುವಾಗ ಅವಳು ಅಲ್ಲೇ ಮಂಡಿಯೂರಿ ಮಂಚದ ಕಾಲು ಒರೆಸುತ್ತಿದ್ದಳು.

ಐದನೇ ದಿನ ಮಂಗಳವಾರ.

ಬೆಳಿಗ್ಗೆಯೇ ಮೂರನೇ ಕಕ್ಕಸು ಕಟ್ಟಿಕೊಂಡಿತು. ಕೋಲು ಹಾಕಿದಳು, ಹೋಗಲಿಲ್ಲ. ಕೈಗವಸು ಹರಿದಿತ್ತು. ತೋಳು ಇಳಿಬಿಟ್ಟು ತೆಗೆದಳು. ಮೊಣಕೈ ತನಕ ಹೊಲಸು. ಹಿತ್ತಲಿಗೆ ಬಂದರೆ ನಲ್ಲಿ ಒಣಗಿತ್ತು. ಡ್ರಮ್ಮಿನ ತಳದಲ್ಲಿ ಒಂದು ಗೇಣು ನೀರು, ಅದರ ಮೇಲೆ ಕೆನೆಗಟ್ಟಿದ ಕೊಳೆ. ಅದರಲ್ಲೇ ಅದ್ದಿ, ಹಳೆ ಚಾದರದ ತುಂಡಿಗೆ ಒರೆಸಿಕೊಳ್ಳುತ್ತಿರುವಾಗ ಕಿಟಕಿಯಿಂದ ಕೂಗು ಬಂತು.

"ಏ ನೆಲ, ಬೇಗ ಬಾ. ಆರನೇ ಹಾಸಿಗೆ ಕಾಲು ಎತ್ತಿ ಹಿಡ್ಕೋಬೇಕು."

ಒಳಗೆ ಬಂದಳು. ದೊಡ್ಡ ಡಾಕ್ಟರು, ಅವರ ಸುತ್ತ ಕೋಟಿನವರು, ಟ್ರೇ ಹಿಡಿದ ಚಿಕ್ಕ ಸಿಸ್ಟರು, ಸೊಂಟಕ್ಕೆ ಕೈ ಇಟ್ಟುಕೊಂಡ ಹೆಡ್ ಸಿಸ್ಟರು. ಹಾಸಿಗೆಯಲ್ಲಿ ಕುಳ್ಳಿ. ಎರಡು ದಪ್ಪ ಬಿಳಿ ಪಟ್ಟಿಗಳು, ಅವುಗಳೊಳಗೆ ಅವಳ ಎರಡು ಕಾಲು. ನೆಲದಕ್ಕ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ನಿನ್ನ ಕೈಯಂತೆ ಎಂದ ಹೆಂಗಸಿನ ಮುಖ ನೆನಪಾಯಿತು. ಹೆದರಿಕೆ ಇರಲಿಲ್ಲ ಅಂತಲ್ಲ. ಹೆದರಿಕೆಗಿಂತ ದೊಡ್ಡದು ಇನ್ನೊಂದು ಇತ್ತು.

ಹಾಸಿಗೆಯ ಕಡೆ ಹೋಗದೆ ಎಡಕ್ಕೆ ತಿರುಗಿ, ಬೇಸಿನ್ನಿನ ಮುಂದೆ ನಿಂತು, ಮೊಣಕೈಯಿಂದ ನಲ್ಲಿ ತಳ್ಳಿದಳು.

ನೀರು ಬಂತು. ಸೋಪು ಒತ್ತಿದಳು. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು, ಮಣಿಕಟ್ಟು, ತೋಳು. ಹನ್ನೊಂದು ವರ್ಷ ನೋಡಿದ್ದನ್ನು ಒಂದೂ ಬಿಡದೆ ಮಾಡಿದಳು. ಬೂದು ಬಣ್ಣದ ನೊರೆ ಬಿಳಿ ಪಿಂಗಾಣಿಯ ಮೇಲೆ ಇಳಿಯಿತು. ಮತ್ತೆ ಸೋಪು ಒತ್ತಿದಳು.

"ಏ ನೆಲ! ತಲೆ ಕೆಟ್ಟಿದೆಯಾ? ಗೋಡೆ ಮೇಲಿನ ಚೀಟಿ ಓದೋಕೆ ಬರಲ್ವಾ?" ಹೆಡ್ ಸಿಸ್ಟರು ಅರಚಿದರು.

"ಬರುತ್ತೆ ಸಿಸ್ಟರ್. ನಾನೇ ಅಂಟಿಸಿದ್ದು."

ಕೈ ನಿಲ್ಲಿಸಲಿಲ್ಲ. ಏನು ಗಲಾಟೆ ಎಂದು ದೊಡ್ಡ ಡಾಕ್ಟರು ತಿರುಗಿದರು. ಆಗ ನೆಲದಕ್ಕ ನಲ್ಲಿ ಮುಚ್ಚಿ, ಕೈ ಮೇಲೆತ್ತಿ ಹಿಡಿದು ತಿರುಗಿದಳು. ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಆಪರೇಶನ್ನಿಗೆ ಹೋಗುವ ಡಾಕ್ಟರುಗಳು ಹಿಡಿಯುವ ಹಾಗೇ ಹಿಡಿದಿದ್ದಳು, ಬೇರೆ ರೀತಿ ಅವಳಿಗೆ ಗೊತ್ತಿರಲಿಲ್ಲ.

"ಗಲಾಟೆ ಅಲ್ಲ ಸಾರ್. ನಿಮ್ಮ ಪಾಠ. ಸುಟ್ಟವನ ಮನೆಗೆ ಬಾಗಿಲಿಲ್ಲ. ಕಳ್ಳ ಕೈ ಮೇಲೆ ಕೂತು ಬರ್ತಾನೆ. ಮುಟ್ಟೋ ಮುಂಚೆ ತೊಳೀರಿ, ಮೊಣಕೈ ತನಕ ತೊಳೀರಿ. ಹನ್ನೊಂದು ವರ್ಷ ಕೇಳಿದೆ. ಇವತ್ತು ಮಾಡಿದೆ."

ಕೋಟಿನವರಲ್ಲಿ ಯಾರೋ ಕಿಸಕ್ಕನೆ ನಕ್ಕು ತಡೆದುಕೊಂಡರು. ಡಾಕ್ಟರ ಮುಖ ಬಿಗಿಯಾಯಿತು. ಅದು ಡಾಕ್ಟರುಗಳಿಗೂ ಸಿಸ್ಟರುಗಳಿಗೂ ಹೇಳುವ ಪಾಠ ಅಂದರು.

"ಹಾಗಾದ್ರೆ ಕಾಲು ಅವರೇ ಹಿಡೀಲಿ ಸಾರ್."

ಕೋಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚರ್ಮವಿಲ್ಲದ ಕಾಲು ಎತ್ತಿ, ಕಿರುಚುವವಳನ್ನು ಅರ್ಧ ಗಂಟೆ ಅಲುಗದ ಹಾಗೆ ಹಿಡಿದು ಅವರಿಗೆ ಅಭ್ಯಾಸವಿರಲಿಲ್ಲ. ಯಾರೂ ಮುಂದೆ ಬರಲಿಲ್ಲ.

ಆಗ ನೆಲದಕ್ಕ ಉಳಿದದ್ದನ್ನೂ ಹೇಳಿದಳು. ಜೋರಾಗಿ ಆಡಲಿಲ್ಲ. ಎಣಿಸಿ ಎಣಿಸಿ ಇಟ್ಟ ಹಾಗೆ ಆಡಿದಳು.

"ಬೇಕರಿಯವನನ್ನ ಹಿಡಿದಿದ್ದು ನಾನು. ಬೆಡ್‌ಪ್ಯಾನ್ ತೊಳೆದ ಕೈಯಲ್ಲಿ, ಸೋಪಿಲ್ಲದ ಕೈಯಲ್ಲಿ ಹಿಡಿದೆ. ನನ್ನ ಕೈಯೇ ಅವನನ್ನ ಕೊಂದಿರಬಹುದು. ಅವನ ಹೆಂಡತಿಗೆ ಹಾಗಂತ ಹೇಳಿ ಕಳಿಸಿದ್ರಿ. ಆದರೆ ಆ ಕೈಯನ್ನ ಹೊಲಸಾಗಿಟ್ಟವರು ಯಾರು ಅಂತ ಹೇಳಲಿಲ್ಲ. ಕೀವು ಮುಟ್ಟೋಕೆ ನನ್ನ ಕೈ ಬೇಕು. ಸೋಪು ಮುಟ್ಟೋಕೆ ಬೇಡ. ಇನ್ನು ಆಗಲ್ಲ ಸಾರ್. ಈ ಬೇಸಿನ್ನಲ್ಲಿ ತೊಳೀದೆ ಈ ವಾರ್ಡಲ್ಲಿ ಒಂದು ಗಾಯಾನೂ ನಾನು ಮುಟ್ಟಲ್ಲ. ನನ್ನ ತಂಗಿದೂ ಮುಟ್ಟಲ್ಲ."

ಹೆಡ್ ಸಿಸ್ಟರಿಗೆ ಇಂಥದ್ದು ಕೇಳಿ ರೂಢಿಯಿಲ್ಲ. ಇವಳನ್ನು ಹೊರಗೆ ಹಾಕಿ, ಇವಳೊಬ್ಬಳಿಲ್ಲದಿದ್ದರೆ ವಾರ್ಡು ಮುಳುಗಿಹೋಗಲ್ಲ ಅಂದರು. ಸುತ್ತ ಕಣ್ಣಾಡಿಸಿದರು. ಬೆಡ್‌ಪ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದ ತಾತ ಸಿಕ್ಕಿದ. ಏ ಮುದುಕ, ಅದನ್ನ ಅಲ್ಲಿಟ್ಟು ನೀನು ಬಾ ಹಿಡ್ಕೋ.

ತಾತ ಬೆಡ್‌ಪ್ಯಾನು ಕೆಳಗಿಟ್ಟ. ತನ್ನ ಎರಡು ಕೈಯನ್ನು ಬಿಡಿಸಿ ನೋಡಿದ. ಮೂವತ್ತು ವರ್ಷ ಆ ಕೈಯನ್ನು ಅವನು ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲುತ್ತಿದ್ದವನು. ಅವನು ಹಾಸಿಗೆಯ ಕಡೆಗೆ ಹೋದರೆ ನೆಲದಕ್ಕ ಒಂಟಿ. ತಾತ ಎರಡು ಹೆಜ್ಜೆ ಹಾಸಿಗೆಯ ಕಡೆಗೇ ಇಟ್ಟ. ನಿಂತ. ಆಮೇಲೆ ಬೇಸಿನ್ನಿನ ಕಡೆ ತಿರುಗಿದ. ನಲ್ಲಿ ತಳ್ಳಲು ಅವನಿಗೆ ಬರಲಿಲ್ಲ. ಬಾಗಿದ ಬೆನ್ನಿಗೆ ಹಿಡಿ ಎಟುಕದೆ ಮೊಣಕೈ ಎರಡು ಸಲ ಜಾರಿತು. ನೆಲದಕ್ಕ ತಾನೇ ತಳ್ಳಿದಳು. ತಾತ ನೀರಿನಡಿ ಕೈ ಇಟ್ಟು, ಬಿಸಿನೀರು ಬರುತ್ತಲ್ಲೇ ಇದರಲ್ಲಿ ಅಂದ, ಮೂವತ್ತು ವರ್ಷದಲ್ಲಿ ಮೊದಲ ಸಲ ಗೊತ್ತಾದವನ ಹಾಗೆ. ನಿಜಕ್ಕೂ ಆಗಲೇ ಗೊತ್ತಾದದ್ದು.

ಚಾದರ ಒಯ್ಯುವ ಹೆಂಗಸು ತನ್ನ ಗಂಟನ್ನು ಬಿಟ್ಟು ತಾತನ ಹಿಂದೆ ಬಂದು ನಿಂತಳು. ಸೀರೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಸರದಿಗೆ ಕಾದಳು.

ಆಗಲೇ ಆರನೇ ಹಾಸಿಗೆಯಿಂದ ಕುಳ್ಳಿ ಬಾಯಿ ಬಿಟ್ಟಳು.

"ಡಾಕ್ಟ್ರೇ, ಅವರದಾದ ಮೇಲೆ ನೀವೂ ತೊಳ್ಕೊಂಡು ಬನ್ನಿ."

ಕುಳ್ಳಿ ಮೊಣಕೈ ಊರಿ ತಲೆ ಎತ್ತಿದಳು.

"ನಾನು ಬಂದಾಗಿನಿಂದ ನೋಡ್ತಾ ಇದ್ದೀನಿ. ಬಿದ್ದುಕೊಂಡವಳಿಗೆ ಇನ್ನೇನು ಕೆಲಸ? ನೀವು ಆ ಬೇಸಿನ್ ಮುಂದೆ ದಿನಾ ಹೋಗ್ತೀರಿ, ಬರ್ತೀರಿ. ಒಂದು ಸಲಾನೂ ನಿಂತಿಲ್ಲ. ಈಗ ಆ ಕಡೆ ವಾರ್ಡಿಂದ ಬಂದ್ರಿ, ಫೋನ್ ತೆಗೆದು ಮಾತಾಡಿದ್ರಿ, ಮೂಗು ಒರೆಸ್ಕೊಂಡ್ರಿ, ಆ ಕೈ ನನ್ನ ಪಟ್ಟಿ ಮೇಲಿದೆ. ನನ್ನ ಕಾಲು ಇದು. ನನ್ನ ಬೆನ್ನಿನ ಚರ್ಮ ಇದು. ತೊಳೆಯದ ಕೈಯಿಂದ ಯಾರು ಮುಟ್ಟಿದ್ರೂ ಒದೀತೀನಿ. ಒದೆಯೋಕೆ ಆಗದಿದ್ರೆ ಕಚ್ತೀನಿ."

ಈ ಸಲ ಕೋಟಿನವರು ನಗಲಿಲ್ಲ. ಅವರೆಲ್ಲರ ಕಣ್ಣು ಡಾಕ್ಟರ ಕೈಯ ಮೇಲಿತ್ತು. ಡಾಕ್ಟರು ಕೈ ಹಿಂದಕ್ಕೆ ತೆಗೆದರು. ಪಾಠ ಅವರದೇ. ಅದನ್ನು ಹನ್ನೆರಡು ಜನ ಬರೆದುಕೊಂಡಿದ್ದರು. ಕೊನೆಗೆ ವಾಚು ಬಿಚ್ಚಿ ಕೋಟಿನ ಜೇಬಿಗೆ ಹಾಕಿದರು, ತೋಳು ಮಡಿಸಿದರು, ಹೋಗಿ ಚಾದರದ ಹೆಂಗಸಿನ ಹಿಂದೆ ನಿಂತರು. ಅವಳು ಗಾಬರಿಯಾಗಿ ಜಾಗ ಬಿಡಲು ಸರಿದಳು. ನೆಲದಕ್ಕ ಅವಳ ಭುಜಕ್ಕೆ ತನ್ನ ಭುಜ ಒತ್ತಿ ಅಲ್ಲೇ ನಿಲ್ಲಿಸಿದಳು. ತಾತ ಆತುರ ಮಾಡಲಿಲ್ಲ. ಹೆಬ್ಬೆರಳನ್ನು ಎರಡೆರಡು ಸಲ ತೊಳೆದ.

ನೆಲದಕ್ಕ ಭುಜ ತಗಲಿದ್ದಕ್ಕೆ ಇನ್ನೊಮ್ಮೆ ಕೈ ತೊಳೆದುಕೊಂಡಳು. ಚಿಕ್ಕ ಸಿಸ್ಟರು ಹೊಸ ಕೈಗವಸು ಕೊಟ್ಟಳು, ಯಾರನ್ನೂ ಕೇಳದೆ.

ಪಟ್ಟಿ ನೆನೆಸಿ ನೆನೆಸಿ ಬಿಚ್ಚಿದರು. ನೆಲದಕ್ಕ ಹಿಮ್ಮಡಿ ಹಿಡಿದು ಕಾಲೆತ್ತಿದ್ದಳು. ಕುಳ್ಳಿ ಟವೆಲು ಕಚ್ಚಿಕೊಂಡು ಮಂಚದ ಸರಳು ಹಿಡಿದಿದ್ದಳು. ಕೊನೆಯ ಎರಡು ಸುತ್ತು ಇರುವಾಗ ನೆಲದಕ್ಕ ತಲೆ ಬಗ್ಗಿಸಿ ಮೂಗನ್ನು ಹತ್ತಿರ ತಂದಳು. ಉಸಿರೆಳೆದಳು. ಬೇಕರಿಯವನ ಹಾಸಿಗೆಯಲ್ಲಿ ಬಂದ ಆ ದ್ರಾಕ್ಷಿಯ ವಾಸನೆಗಾಗಿ ಹುಡುಕಿದಳು. ಔಷಧದ ವಾಸನೆ ಇತ್ತು, ಒಣಗಿದ ರಕ್ತದ ವಾಸನೆ ಇತ್ತು, ಬೆವರಿನದು ಇತ್ತು. ಅದು ಇರಲಿಲ್ಲ. ಲ್ಯಾಬಿನವರು, ಡಾಕ್ಟರು ಯಾರೂ ಹೇಳುವ ಮುಂಚೆ ಅವಳಿಗೆ ಗೊತ್ತಾಯಿತು. ಕೊನೆಯ ಸುತ್ತು ಬಿದ್ದಾಗ ಅಲ್ಲಲ್ಲಿ ನೀಲಿ ಮಚ್ಚೆಗಳ ನಡುವೆ ಎಳೆಯ ಗುಲಾಬಿ ಬಣ್ಣದ ಚರ್ಮ ಅಂಟಿ ಕೂತಿತ್ತು.

"ಹಿಡಿದಿದೆ," ಅಂದರು ಡಾಕ್ಟರು, ಯಾರ ಮುಖವನ್ನೂ ನೋಡದೆ.

ಕುಳ್ಳಿ ಟವೆಲು ಉಗುಳಿ, ನಮ್ಮಕ್ಕನ ಮೂಗು ಆಗಲೇ ಹೇಳ್ತು ಅಂದಳು. ಅಂದು ಗಳಗಳನೆ ಅತ್ತಳು. ಈ ಸಲ ನೆಲದಕ್ಕ ಅಳಲಿಲ್ಲ, ಕಾಲು ಹಿಡಿದಿದ್ದಳು.

ಎಲ್ಲ ಮುಗಿದ ಮೇಲೆ ಚಿಕ್ಕ ಸಿಸ್ಟರು ಬೇಸಿನ್ನಿನ ಹತ್ತಿರ ಬಂದು, ಅಕ್ಕ, ಆ ಚೀಟಿ ಕಿತ್ತು ಹಾಕಲಾ ಎಂದು ಮೆಲ್ಲಗೆ ಕೇಳಿದಳು. ಆ ವಾರ್ಡಿನ ಸಿಸ್ಟರೊಬ್ಬಳು ಅವಳನ್ನು ಅಕ್ಕ ಅಂದದ್ದು ಅದೇ ಮೊದಲು.

"ಬೇಡಮ್ಮ, ಇರಲಿ. ಓದ್ಕೊಂಡೇ ತೊಳ್ಕೋತೀವಿ."

ಮಧ್ಯಾಹ್ನ ಆಫೀಸಿನಿಂದ ಕರೆ ಬಂತು. ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ಹೆಡ್ ಸಿಸ್ಟರು, ಗೋಡೆಗೊರಗಿ ಮೇಸ್ತ್ರಿ. ಕುರ್ಚಿ ಖಾಲಿ ಇತ್ತು, ಕೂತುಕೋ ಎನ್ನಲಿಲ್ಲ. ಅಧಿಕಾರಿ ಕೆಟ್ಟ ಮಾತಾಡಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಆಗಿದ್ದು ಆಯಿತು, ತಂಗಿಯ ಸಂಕಟದಲ್ಲಿ ಏನೋ ಮಾಡಿದ್ದೀಯ, ಈ ಕಾಗದಕ್ಕೊಂದು ಸಹಿ ಹಾಕಿ ಹೋಗು, ಕೆಲಸ ಉಳಿಯುತ್ತದೆ. ಸಹಿ ಹಾಕದಿದ್ದರೆ ನಾಳೆಯಿಂದ ಬರಬೇಡ.

ಅವಳು ಕಾಗದ ತೆಗೆದುಕೊಂಡು ನಿಧಾನವಾಗಿ ಓದಿದಳು. 'ಅನುಮತಿಯಿಲ್ಲ ಎಂದು ತಿಳಿದಿದ್ದೂ ವಾರ್ಡಿನ ಬೇಸಿನ್ ಬಳಸಿದ್ದೇನೆ. ಇದು ನನ್ನ ತಪ್ಪು. ಇನ್ನು ಮುಂದೆ ಹೀಗೆ ಮಾಡುವುದಿಲ್ಲ.' ಓದಲು ಹೊತ್ತು ಹಿಡಿಯಿತು. ಮೇಸ್ತ್ರಿ ಆಕಳಿಸಿದ. ಅಷ್ಟರಲ್ಲಿ ಹೊರಗೆ ಕಾಲ ಸಪ್ಪಳವಾಯಿತು. ಅಧಿಕಾರಿ ಬಾಗಿಲ ಕಡೆ ನೋಡಿದರು. ತಾತ ಇದ್ದ. ಚಾದರದ ಹೆಂಗಸಿದ್ದಳು. ಪಕ್ಕದ ವಾರ್ಡುಗಳ ಕಸಗುಡಿಸುವವರು ಏಳೆಂಟು ಮಂದಿ ಇದ್ದರು. ಯಾರೂ ಕೂಗುತ್ತಿರಲಿಲ್ಲ. ಪೊರಕೆ, ಕೋಲು ಗೋಡೆಗೆ ಒರಗಿಸಿ ಸುಮ್ಮನೆ ನಿಂತಿದ್ದರು. ತೋಳುಗಳೆಲ್ಲ ಒದ್ದೆಯಾಗಿದ್ದವು.

"ಯಾರು ಇವರೆಲ್ಲ?" ಅಧಿಕಾರಿ ಕೇಳಿದರು.

"ಕೈ ತೊಳ್ಕೊಂಡು ಬಂದವರು ಸಾರ್," ಅಂದಳು ನೆಲದಕ್ಕ.

ಪೆನ್ನು ಕೇಳಿದಳು. ಹೆಡ್ ಸಿಸ್ಟರ ಮುಖದಲ್ಲಿ ಸಣ್ಣ ನಗು ಬಂತು. ನೆಲದಕ್ಕ ಖಾಲಿ ಕುರ್ಚಿ ಎಳೆದುಕೊಂಡು ಕೂತಳು, ಬರೆಯಬೇಕಾದರೆ ಕೂರಲೇಬೇಕಲ್ಲ. 'ತಪ್ಪು' ಎಂದು ಇದ್ದ ಸಾಲನ್ನು ಹೊಡೆದು ಹಾಕಿದಳು. ಅದರ ಕೆಳಗಿನದನ್ನೂ ಹೊಡೆದು ಹಾಕಿದಳು. ಉಳಿದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ದೊಡ್ಡದಾಗಿ ಬರೆದಳು.

ಕೈ ತೊಳೆದೆ. ನಾಳೆಯೂ ತೊಳೆಯುತ್ತೇನೆ.

ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ, ಪೆನ್ನು ಮೇಜಿನ ಮೇಲಿಟ್ಟು, ಆರನೇ ಹಾಸಿಗೆಯ ಚಾದರ ಬದಲಿಸುವ ಹೊತ್ತಾಯಿತೆಂದು ಎದ್ದು ಹೋದಳು.